ಮಾಸ್ಟರ್ ಸಿಲಿಂಡರ್ ಬದಲಾವಣೆಯ ನಂತರದ ಬ್ರೇಕ್ ಒತ್ತಡದ ಕೊರತೆ

ಮಾಸ್ಟರ್ ಸಿಲಿಂಡರ್ ಬದಲಾವಣೆಯ ನಂತರದ ಬ್ರೇಕ್ ಒತ್ತಡದ ಕೊರತೆ ಎಂಬುದು ದ್ರವಚಾಲಿತ ಬ್ರೇಕ್ ವ್ಯವಸ್ಥೆಯುಳ್ಳ ಕಾರುಗಳಲ್ಲಿ ಕಂಡುಬರುವ ಒಂದು ದೋಷ. ಹಳೆಯ ಮಾಸ್ಟರ್ ಸಿಲಿಂಡರನ್ನು ತೆಗೆದು ಹೊಸದನ್ನು ಜೋಡಿಸಿದ ಮೇಲೂ ಪೆಡಲ್ ಗಟ್ಟಿಯಾಗದೆ ಮೆತ್ತಗೆ ಉಳಿಯುವುದು, ಪೂರ್ತಿ ಕೆಳಗೆ ಇಳಿಯುವುದು, ಅಥವಾ ಹಲವು ಬಾರಿ ಒತ್ತಿದ ಬಳಿಕ ಮಾತ್ರ ಬ್ರೇಕ್ ಹಿಡಿಯುವುದು ಇದರ ಲಕ್ಷಣಗಳು. ಬಹುಪಾಲು ಸಂದರ್ಭಗಳಲ್ಲಿ ಇದಕ್ಕೆ ಕಾರಣ ಹೊಸ ಬಿಡಿಭಾಗದ ದೋಷವಲ್ಲ, ಅದರೊಳಗೆ ಉಳಿದುಕೊಂಡ ಗಾಳಿ. ಪುಶ್ ರಾಡ್‌ನ ತಪ್ಪು ಅಳತೆ, ಹಿಂಬದಿಯ ಡ್ರಮ್ ಬ್ರೇಕ್‌ಗಳ ಸಡಿಲ ಹೊಂದಾಣಿಕೆ, ದ್ರವದ ಸೋರಿಕೆ, ಹೊಂದಿಕೆಯಾಗದ ಗಾತ್ರದ ಸಿಲಿಂಡರ್ ಇವು ಇತರ ಕಾರಣಗಳು. ಪೆಡಲ್‌ನ ವರ್ತನೆಯನ್ನು ಸರಿಯಾಗಿ ಗಮನಿಸಿ, ಮಾಸ್ಟರ್ ಸಿಲಿಂಡರ್‌ನಿಂದ ಆರಂಭಿಸಿ ಚಕ್ರಗಳವರೆಗೆ ಒಂದೊಂದೇ ಹಂತವನ್ನು ಪರೀಕ್ಷಿಸುತ್ತ ಹೋದರೆ ದೋಷದ ಸ್ಥಳವನ್ನು ನಿಶ್ಚಯವಾಗಿ ಗುರುತಿಸಬಹುದು.

ಕಾರ್ಯತತ್ವ

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ. ಹದಿನೇಳನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪ್ಯಾಸ್ಕಲ್ ನಿರೂಪಿಸಿದ ಈ ನಿಯಮವೇ ದ್ರವಚಾಲಿತ ಬ್ರೇಕಿನ ಆಧಾರ. ಚಾಲಕನು ಪೆಡಲನ್ನು ಒತ್ತಿದಾಗ ಪುಶ್ ರಾಡ್ ಮಾಸ್ಟರ್ ಸಿಲಿಂಡರಿನೊಳಗಿನ ಪಿಸ್ಟನನ್ನು ಮುಂದಕ್ಕೆ ತಳ್ಳುತ್ತದೆ. ಅಲ್ಲಿ ಉಂಟಾದ ಒತ್ತಡವು ಲೋಹದ ಕೊಳವೆಗಳ ಹಾಗೂ ರಬ್ಬರ್ ಹೋಸ್‌ಗಳ ಮೂಲಕ ನಾಲ್ಕೂ ಚಕ್ರಗಳನ್ನು ತಲುಪಿ, ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್‌ಗಳನ್ನೂ ಡ್ರಮ್ ಬ್ರೇಕಿನಲ್ಲಿ ಶೂಗಳನ್ನೂ ಒತ್ತುತ್ತದೆ.

ಒಂದು ಸರಳ ಲೆಕ್ಕದಿಂದ ಇದನ್ನು ತಿಳಿಯಬಹುದು. ಪೆಡಲಿನ ಸನ್ನೆ ಅನುಪಾತ 4:1 ಇದ್ದು, ಚಾಲಕನು 20 ಕಿಲೋಗ್ರಾಂ ಭಾರದಷ್ಟು ಬಲದಿಂದ ಒತ್ತಿದರೆ ಪಿಸ್ಟನ್ ಮೇಲೆ 80 ಕಿಲೋಗ್ರಾಂ ಭಾರ ಬೀಳುತ್ತದೆ. ಸಿಲಿಂಡರಿನ ಒಳವ್ಯಾಸ 20 ಮಿ.ಮೀ. ಆಗಿದ್ದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 3.14 ಚದರ ಸೆಂ.ಮೀ. ಆದ್ದರಿಂದ ಬೂಸ್ಟರಿನ ನೆರವಿಲ್ಲದೆಯೂ ಪ್ರತಿ ಚದರ ಸೆಂ.ಮೀ.ಗೆ ಸುಮಾರು 25 ಕಿಲೋಗ್ರಾಂ ಒತ್ತಡ ಉಂಟಾಗುತ್ತದೆ. ಬೂಸ್ಟರ್ ಇದನ್ನು ಹಲವು ಪಟ್ಟು ಹೆಚ್ಚಿಸುತ್ತದೆ.

ಈ ವ್ಯವಸ್ಥೆ ನಿಂತಿರುವುದು ದ್ರವವನ್ನು ಹಿಂಡಿ ಕುಗ್ಗಿಸಲು ಬಹುತೇಕ ಸಾಧ್ಯವಿಲ್ಲ ಎಂಬ ಒಂದೇ ಗುಣದ ಮೇಲೆ. ಗಾಳಿಗೆ ಈ ಗುಣವಿಲ್ಲ. ಮೇಲಿನ ಉದಾಹರಣೆಯಲ್ಲಿ ಕೇವಲ 1 ಘನ ಸೆಂ.ಮೀ. ಗಾಳಿ ಸಿಲಿಂಡರಿನಲ್ಲಿ ಉಳಿದಿದ್ದರೆ, ಪೂರ್ಣ ಒತ್ತಡದಲ್ಲಿ ಅದು ತನ್ನ ಮೂಲ ಗಾತ್ರದ ಸುಮಾರು ಇಪ್ಪತ್ತಾರನೆಯ ಒಂದು ಪಾಲಿಗೆ ಕುಗ್ಗುತ್ತದೆ. ಕುಗ್ಗಿದ ಜಾಗವನ್ನು ತುಂಬಲು ಪಿಸ್ಟನ್ 3 ಮಿ.ಮೀ., ಪೆಡಲ್ 12 ಮಿ.ಮೀ. ಹೆಚ್ಚು ಚಲಿಸಬೇಕು. ಒಂದು ಚಹಾ ಚಮಚದಷ್ಟು, ಅಂದರೆ 5 ಘನ ಸೆಂ.ಮೀ. ಗಾಳಿಯಿದ್ದರೆ ಪೆಡಲಿನ 60 ಮಿ.ಮೀ. ಚಲನೆ ಗಾಳಿಯನ್ನು ಹಿಂಡುವುದರಲ್ಲಿಯೇ ವ್ಯರ್ಥವಾಗುತ್ತದೆ. ಪೆಡಲ್ ನೆಲ ಮುಟ್ಟುವುದಕ್ಕೆ ಇಷ್ಟು ಸಣ್ಣ ಪ್ರಮಾಣದ ಗಾಳಿಯೇ ಸಾಕು.

ಮಾಸ್ಟರ್ ಸಿಲಿಂಡರಿನ ರಚನೆ

ಹಳೆಯ ವಾಹನಗಳಲ್ಲಿ ಒಂದೇ ಪಿಸ್ಟನ್ ನಾಲ್ಕೂ ಚಕ್ರಗಳಿಗೆ ಒತ್ತಡ ಕಳುಹಿಸುತ್ತಿತ್ತು. ಎಲ್ಲಿಯಾದರೂ ಒಂದು ಕೊಳವೆ ಒಡೆದರೆ ಎಲ್ಲ ಬ್ರೇಕ್‌ಗಳೂ ವಿಫಲವಾಗುತ್ತಿದ್ದವು. ಈಗಿನ ಕಾರುಗಳಲ್ಲಿ ಒಂದರ ಮುಂದೊಂದು ಎರಡು ಪಿಸ್ಟನ್‌ಗಳಿರುವ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್ ಇರುತ್ತದೆ. ಎರಡು ಪಿಸ್ಟನ್‌ಗಳು ಎರಡು ಪ್ರತ್ಯೇಕ ಮಂಡಲಗಳಿಗೆ ಒತ್ತಡ ಒದಗಿಸುತ್ತವೆ. ಕೆಲವು ಕಾರುಗಳಲ್ಲಿ ಮುಂದಿನ ಎರಡು ಚಕ್ರಗಳು ಒಂದು ಮಂಡಲ, ಹಿಂದಿನ ಎರಡು ಇನ್ನೊಂದು. ಮುಂಚಕ್ರ ಚಾಲನೆಯ ಅನೇಕ ಕಾರುಗಳಲ್ಲಿ ಒಂದು ಮುಂಚಕ್ರವನ್ನು ಎದುರು ಮೂಲೆಯ ಹಿಂಚಕ್ರದೊಂದಿಗೆ ಕರ್ಣರೇಖೆಯಲ್ಲಿ ಜೋಡಿಸಿರುತ್ತಾರೆ.

ಸಿಲಿಂಡರಿನ ಮೇಲೆ ದ್ರವದ ಡಬ್ಬಿ ಇರುತ್ತದೆ. ಸಾಂಪ್ರದಾಯಿಕ ರಚನೆಯಲ್ಲಿ ಡಬ್ಬಿಯಿಂದ ಪ್ರತಿ ಕೋಣೆಗೂ ಎರಡು ರಂಧ್ರಗಳಿರುತ್ತವೆ. ಒಂದು ಪಿಸ್ಟನ್ನಿನ ಹಿಂಭಾಗಕ್ಕೆ ದ್ರವ ಪೂರೈಸುವ ದೊಡ್ಡ ರಂಧ್ರ. ಇನ್ನೊಂದು ಪಿಸ್ಟನ್ನಿನ ಮುಂದೆ ಇರುವ, ಸೂಜಿಯ ಮೊನೆಯಷ್ಟೇ ಸಣ್ಣದಾದ ಪರಿಹಾರ ರಂಧ್ರ. ಪೆಡಲ್ ಬಿಟ್ಟಿರುವಾಗ ಪರಿಹಾರ ರಂಧ್ರ ತೆರೆದಿದ್ದು, ಬಿಸಿಯಾಗಿ ಹಿಗ್ಗಿದ ದ್ರವ ಡಬ್ಬಿಗೆ ಮರಳಲು ಅವಕಾಶ ಮಾಡಿಕೊಡುತ್ತದೆ. ಪೆಡಲ್ ಒತ್ತಿದೊಡನೆ ಪಿಸ್ಟನ್ನಿನ ರಬ್ಬರ್ ಕಪ್ ಈ ರಂಧ್ರವನ್ನು ದಾಟುತ್ತದೆ; ಆ ಕ್ಷಣದಿಂದ ಒತ್ತಡ ಆರಂಭವಾಗುತ್ತದೆ. ಗ್ಯಾರೇಜುಗಳಲ್ಲಿ ಈ ಕಪ್‌ಗಳನ್ನು ವಾಷರ್ ಎಂದೂ ಅವುಗಳ ಕಟ್ಟನ್ನು ಕಿಟ್ ಎಂದೂ ಕರೆಯುವ ರೂಢಿಯಿದೆ.

ಒತ್ತಡ ಬಾರದಿರಲು ಕಾರಣಗಳು

ಸಿಲಿಂಡರಿನಲ್ಲಿ ಉಳಿದ ಗಾಳಿ. ಹೊಸ ಸಿಲಿಂಡರ್ ಒಳಗೆ ಖಾಲಿಯಾಗಿರುತ್ತದೆ. ಅದನ್ನು ಹಾಗೆಯೇ ಜೋಡಿಸಿ ಡಬ್ಬಿಗೆ ದ್ರವ ತುಂಬಿದರೆ ಒಳಗಿನ ಗಾಳಿ ಪೂರ್ತಿ ಹೊರಬರುವುದಿಲ್ಲ. ಅನೇಕ ಕಾರುಗಳಲ್ಲಿ ಸಿಲಿಂಡರಿನ ಮೂತಿ ಸ್ವಲ್ಪ ಮೇಲ್ಮುಖವಾಗಿರುವುದರಿಂದ ಗುಳ್ಳೆಯು ಮುಚ್ಚಿದ ತುದಿಯಲ್ಲಿ ಸೇರಿಕೊಳ್ಳುತ್ತದೆ. ಚಕ್ರಗಳ ಬಳಿ ಎಷ್ಟು ಬಾರಿ ಗಾಳಿ ತೆಗೆದರೂ ಈ ಗುಳ್ಳೆ ಕದಲದೆ ಉಳಿಯಬಹುದು. ಪಿಸ್ಟನ್ ಮುಂದೆ ಹೋದಾಗ ಕುಗ್ಗುತ್ತದೆ, ಹಿಂದೆ ಬಂದಾಗ ಹಿಗ್ಗುತ್ತದೆ, ಕೊಳವೆಯೊಳಕ್ಕೆ ಸಾಗುವುದಿಲ್ಲ.

ಪುಶ್ ರಾಡ್‌ನ ಅಳತೆ. ರಾಡ್ ಗಿಡ್ಡವಾದರೆ ಪೆಡಲಿನ ಮೊದಲ ಭಾಗದ ಚಲನೆ ಪಿಸ್ಟನನ್ನು ಮುಟ್ಟುವುದರಲ್ಲಿಯೇ ಕಳೆದುಹೋಗುತ್ತದೆ. ರಾಡ್ ಉದ್ದವಾದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದೆ ಪರಿಹಾರ ರಂಧ್ರ ಮುಚ್ಚಿಯೇ ಇರುತ್ತದೆ. ಆಗ ಗಾಳಿ ಡಬ್ಬಿಗೆ ಏರಲಾರದು. ಜೊತೆಗೆ ಬ್ರೇಕ್ ಬಿಡದೆ ಹಿಡಿದುಕೊಂಡು ಚಕ್ರಗಳು ಕಾಯುತ್ತವೆ. ಆದ್ದರಿಂದ ಹಳೆಯ ಮತ್ತು ಹೊಸ ಸಿಲಿಂಡರುಗಳ ಪಿಸ್ಟನ್ ಕುಳಿಯ ಆಳವನ್ನು ಜೋಡಿಸುವ ಮೊದಲೇ ಅಳೆದು ಹೋಲಿಸುವುದು ಅವಶ್ಯ.

ಹಿಂಬದಿಯ ಡ್ರಮ್ ಹೊಂದಾಣಿಕೆ. ಶೂ ಮತ್ತು ಡ್ರಮ್ಮಿನ ನಡುವಿನ ಅಂತರ ಹೆಚ್ಚಿದ್ದರೆ ಪಿಸ್ಟನ್ ಕಳುಹಿಸುವ ದ್ರವದ ಬಹುಭಾಗ ಶೂಗಳನ್ನು ಡ್ರಮ್ಮಿನವರೆಗೆ ಸರಿಸಲು ಖರ್ಚಾಗುತ್ತದೆ. ಇದನ್ನು ಗಾಳಿಯೆಂದು ತಪ್ಪಾಗಿ ತಿಳಿದು ದಿನವಿಡೀ ಗಾಳಿ ತೆಗೆಯುತ್ತ ಕೂರುವುದು ಸಾಮಾನ್ಯ ಪ್ರಮಾದ.

ಬ್ಲೀಡರ್ ನಿಪ್ಪಲ್ ಕೆಳಮುಖವಾಗಿರುವುದು. ಮುಂದಿನ ಕ್ಯಾಲಿಪರ್‌ಗಳನ್ನು ಬಿಚ್ಚಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಜೋಡಿಸಿದಾಗ ನಿಪ್ಪಲ್ ಕೆಳಭಾಗಕ್ಕೆ ಬರುತ್ತದೆ. ಗಾಳಿ ಮೇಲ್ಭಾಗದಲ್ಲಿ ನಿಲ್ಲುವುದರಿಂದ ಕೆಳಗಿನ ನಿಪ್ಪಲ್‌ನಿಂದ ಬರಿಯ ದ್ರವ ಮಾತ್ರ ಹೊರಬರುತ್ತದೆ. ನಿಪ್ಪಲ್ ಯಾವಾಗಲೂ ಕ್ಯಾಲಿಪರಿನ ಮೇಲ್ತುದಿಯಲ್ಲಿರಬೇಕು.

ಆಂತರಿಕ ಸೋರಿಕೆ. ಕಪ್ ಹರಿದಿದ್ದರೆ, ತಿರುಚಿಕೊಂಡಿದ್ದರೆ ಅಥವಾ ಸಿಲಿಂಡರಿನ ಒಳಮೈ ಗೀಚಿದ್ದರೆ ದ್ರವವು ಕಪ್ಪನ್ನು ದಾಟಿ ಹಿಂದಕ್ಕೆ ನುಸುಳುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಹಳೆಯ ಸಿಲಿಂಡರಿಗೆ ಕಿಟ್ ಮಾತ್ರ ಬದಲಿಸಿದ ಸಂದರ್ಭಗಳಲ್ಲಿ ಈ ದೋಷಕ್ಕೆ ಅವಕಾಶ ಹೆಚ್ಚು. ಹೊಸ ಸಿಲಿಂಡರಿನಲ್ಲಿಯೂ ಇದು ಅಸಾಧ್ಯವಲ್ಲ.

ಬಾಹ್ಯ ಸೋರಿಕೆ. ಕೊಳವೆಯ ನಟ್‌ಗಳು, ಚಕ್ರದ ಸಿಲಿಂಡರಿನ ರಬ್ಬರ್ ಮುಚ್ಚಳ, ಹೋಸ್‌ಗಳ ತುದಿ ಇವು ಸೋರಿಕೆಯ ಸಾಮಾನ್ಯ ಸ್ಥಾನಗಳು. ಮಾಸ್ಟರ್ ಸಿಲಿಂಡರಿನ ಹಿಂಬದಿಯಿಂದ ಸೋರಿದ ದ್ರವವು ಬೂಸ್ಟರಿನೊಳಗೆ ಹೋಗುವುದರಿಂದ ಹೊರಗಿನಿಂದ ಕಾಣದೆ ಇರಬಹುದು.

ಗಾತ್ರದ ವ್ಯತ್ಯಾಸ. ಹೊರನೋಟಕ್ಕೆ ಒಂದೇ ರೀತಿಯ ಸಿಲಿಂಡರುಗಳ ಒಳವ್ಯಾಸ ಬೇರೆ ಬೇರೆಯಾಗಿರಬಹುದು. 20 ಮಿ.ಮೀ.ಗೆ ಬದಲಾಗಿ 22 ಮಿ.ಮೀ. ಸಿಲಿಂಡರ್ ಹಾಕಿದರೆ ವಿಸ್ತೀರ್ಣ 3.80 ಚದರ ಸೆಂ.ಮೀ. ಆಗಿ, ಅದೇ ಬಲಕ್ಕೆ ದೊರೆಯುವ ಒತ್ತಡ ಸುಮಾರು ಶೇ 17ರಷ್ಟು ಇಳಿಯುತ್ತದೆ. ಪೆಡಲ್ ಗಟ್ಟಿಯಾಗಿ ಮೇಲೆಯೇ ನಿಂತರೂ ಬ್ರೇಕ್ ದುರ್ಬಲವಾಗುತ್ತದೆ. ಚಿಕ್ಕ ವ್ಯಾಸದ ಸಿಲಿಂಡರ್ ಹಾಕಿದರೆ ಇದಕ್ಕೆ ವಿರುದ್ಧವಾಗಿ ಪೆಡಲ್ ಹೆಚ್ಚು ದೂರ ಇಳಿಯುತ್ತದೆ.

ಪೆಡಲಿನ ವರ್ತನೆಯಿಂದ ದೋಷ ನಿರ್ಣಯ

ಉಪಕರಣ ಹಿಡಿಯುವ ಮುನ್ನ ಪೆಡಲಿನ ಮೇಲೆ ಕಾಲಿಟ್ಟು ಗಮನಿಸಿದರೆ ದೋಷದ ಅರ್ಧ ನಿರ್ಣಯವಾಗುತ್ತದೆ.

1. ಪ್ರತಿರೋಧವೇ ಇಲ್ಲದೆ ನೆಲಕ್ಕೆ ಇಳಿಯುವುದು: ಸಿಲಿಂಡರಿನಲ್ಲಿ ಹೆಚ್ಚು ಗಾಳಿ, ಪುಶ್ ರಾಡ್ ಪಿಸ್ಟನ್ನಿಗೆ ಕೂಡದಿರುವುದು, ಅಥವಾ ದೊಡ್ಡ ಸೋರಿಕೆ.

2. ಸ್ಪಂಜಿನಂತೆ ಮೆತ್ತಗಿದ್ದು, ಹಲವು ಬಾರಿ ಒತ್ತಿದರೆ ಮೇಲೇರಿದರೂ ಮೆತ್ತನೆಯ ಗುಣ ಉಳಿಯುವುದು: ಗಾಳಿ.

3. ಮೊದಲ ಬಾರಿ ಕೆಳಗೆ ಇಳಿದು, ಬೇಗನೆ ಎರಡನೆಯ ಬಾರಿ ಒತ್ತಿದಾಗ ಎತ್ತರದಲ್ಲಿ ಕಲ್ಲಿನಂತೆ ಗಟ್ಟಿಯಾಗುವುದು: ಹಿಂಬದಿಯ ಶೂಗಳ ಅಂತರ ಹೆಚ್ಚಿರುವುದು.

4. ಗಟ್ಟಿಯಾಗಿದ್ದು, ಕಾಲು ಒತ್ತಿಯೇ ಇದ್ದಾಗ ನಿಧಾನವಾಗಿ ಕೆಳಗೆ ಜಾರುವುದು: ಸೋರಿಕೆ. ಡಬ್ಬಿಯ ಮಟ್ಟ ಇಳಿಯುತ್ತಿದ್ದರೆ ಬಾಹ್ಯ ಸೋರಿಕೆ; ಇಳಿಯದಿದ್ದರೆ ಆಂತರಿಕ ಸೋರಿಕೆಯ ಸಂಭವ ಹೆಚ್ಚು.

5. ಕಲ್ಲಿನಂತೆ ಗಟ್ಟಿಯಾಗಿದ್ದರೂ ಕಾರು ನಿಲ್ಲದಿರುವುದು: ಬೂಸ್ಟರ್, ಅದರ ನಿರ್ವಾತ ಹೋಸ್ ಅಥವಾ ಏಕಮುಖ ಕವಾಟದ ದೋಷ, ಇಲ್ಲವೇ ದೊಡ್ಡ ವ್ಯಾಸದ ಸಿಲಿಂಡರ್. ಇಂಜಿನ್ ನಿಲ್ಲಿಸಿ ಪೆಡಲನ್ನು ನಾಲ್ಕೈದು ಬಾರಿ ಒತ್ತಿ, ಒತ್ತಿಹಿಡಿದೇ ಇಂಜಿನ್ ಚಾಲೂ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗೆ ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ ಎಂದರ್ಥ. ಈ ಸಣ್ಣ ಇಳಿತವನ್ನು ದೋಷವೆಂದು ಭಾವಿಸಬಾರದು.

6. ಪೆಡಲ್ ಬಿಟ್ಟರೂ ಚಕ್ರ ಸಡಿಲವಾಗದಿರುವುದು: ಪುಶ್ ರಾಡ್ ಉದ್ದವಾಗಿ ಪರಿಹಾರ ರಂಧ್ರ ಮುಚ್ಚಿರುವುದು.

ದೋಷದ ಸ್ಥಳವನ್ನು ಬೇರ್ಪಡಿಸುವ ಪರೀಕ್ಷೆ

ಲಕ್ಷಣಗಳಿಂದ ನಿರ್ಣಯ ಸಾಧ್ಯವಾಗದಿದ್ದಾಗ ವ್ಯವಸ್ಥೆಯನ್ನು ಭಾಗಮಾಡಿ ಪರೀಕ್ಷಿಸುತ್ತಾರೆ. ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಕೊಳವೆಗಳನ್ನು ಬಿಚ್ಚಿ, ಅದೇ ಎಳೆಯ ಗಟ್ಟಿ ಲೋಹದ ಪ್ಲಗ್‌ಗಳಿಂದ ಎಲ್ಲ ರಂಧ್ರಗಳನ್ನು ಬಿಗಿಯಾಗಿ ಮುಚ್ಚಿ, ಪೆಡಲನ್ನು ಮೆಲ್ಲಗೆ ಒತ್ತಬೇಕು. ದ್ರವ ಹೋಗಲು ದಾರಿಯಿಲ್ಲದ ಕಾರಣ ಪೆಡಲ್ ಮೇಲ್ಭಾಗದಲ್ಲಿಯೇ ಅಲುಗದೆ ನಿಲ್ಲಬೇಕು. ಹಾಗೆ ನಿಂತರೆ ಸಿಲಿಂಡರ್ ಸರಿಯಿದೆ. ದೋಷ ಕೊಳವೆಗಳಲ್ಲಿ ಅಥವಾ ಚಕ್ರಗಳಲ್ಲಿದೆ. ಆಗಲೂ ಮೆತ್ತಗಿದ್ದರೆ ಸಿಲಿಂಡರಿನಲ್ಲಿಯೇ ಗಾಳಿಯಿದೆ. ನಿಧಾನವಾಗಿ ಜಾರಿದರೆ ಕಪ್ ದ್ರವವನ್ನು ಬಿಟ್ಟುಕೊಡುತ್ತಿದೆ.

ಸಿಲಿಂಡರ್ ಸರಿಯಿದೆಯೆಂದು ಖಚಿತವಾದ ಮೇಲೆ ಕೊಳವೆಗಳನ್ನು ಜೋಡಿಸಿ, ಚಕ್ರಗಳಿಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಅದಕ್ಕೆಂದೇ ಇರುವ ನುಣುಪಾದ ಕ್ಲ್ಯಾಂಪುಗಳಿಂದ ಮುಚ್ಚಿ, ಒಂದೊಂದಾಗಿ ತೆರೆಯುತ್ತ ಪೆಡಲನ್ನು ಪರೀಕ್ಷಿಸಬೇಕು. ಯಾವ ಹೋಸ್ ತೆರೆದಾಗ ಪೆಡಲ್ ಕುಸಿಯುತ್ತದೆಯೋ ಆ ಚಕ್ರದಲ್ಲಿ ದೋಷವಿದೆ. ಹಲ್ಲುಗಳಿರುವ ಇಕ್ಕಳದಿಂದ ಹೋಸ್ ಹಿಸುಕಿದರೆ ಅದರ ಒಳಪದರ ಹರಿದು ಹೊಸದೊಂದು ದೋಷ ಉಂಟಾಗುತ್ತದೆ.

ಬೆಂಚ್ ಬ್ಲೀಡಿಂಗ್

ಸಿಲಿಂಡರನ್ನು ಕಾರಿಗೆ ಜೋಡಿಸುವ ಮೊದಲು ಮೇಜಿನ ಮೇಲೆಯೇ ಅದರೊಳಗಿನ ಗಾಳಿಯನ್ನು ತೆಗೆಯುವ ಕ್ರಮಕ್ಕೆ ಬೆಂಚ್ ಬ್ಲೀಡಿಂಗ್ ಎನ್ನುತ್ತಾರೆ. ಮೇಲೆ ಹೇಳಿದ ದೋಷಗಳಲ್ಲಿ ಅತಿ ಸಾಮಾನ್ಯವಾದುದನ್ನು ಇದು ಮೊದಲೇ ತಡೆಯುತ್ತದೆ. ಹದಿನೈದು–ಇಪ್ಪತ್ತು ನಿಮಿಷಗಳ ಈ ಕೆಲಸವನ್ನು ಬಿಟ್ಟುಬಿಡುವುದರಿಂದಲೇ ಬಹಳಷ್ಟು ಹೊಸ ಸಿಲಿಂಡರುಗಳು ಕೆಟ್ಟಿವೆಯೆಂಬ ಅಪವಾದಕ್ಕೆ ಗುರಿಯಾಗುತ್ತವೆ.

1. ಸಿಲಿಂಡರಿನ ಚಾಚುಪಟ್ಟಿಯನ್ನು ವೈಸಿನಲ್ಲಿ ಹಿಡಿಸಬೇಕು. ಸಿಲಿಂಡರಿನ ಕೊಳವೆಭಾಗವನ್ನು ಹಿಸುಕಬಾರದು. ಅದು ಸಮತಲದಲ್ಲಿರಬೇಕು.

2. ಹೊರರಂಧ್ರಗಳಿಗೆ ಚಿಕ್ಕ ನಳಿಕೆಗಳನ್ನು ಜೋಡಿಸಿ, ಅವುಗಳ ತುದಿ ಡಬ್ಬಿಯೊಳಗಿನ ದ್ರವದಲ್ಲಿ ಮುಳುಗುವಂತೆ ಬಗ್ಗಿಸಬೇಕು.

3. ಮುಚ್ಚಿದ ಡಬ್ಬದಿಂದ ಆಗಷ್ಟೇ ತೆರೆದ ಶುದ್ಧ ಬ್ರೇಕ್ ದ್ರವವನ್ನು ತುಂಬಬೇಕು.

4. ಮೊಂಡು ತುದಿಯ ಮರದ ಕೋಲಿನಿಂದ ಪಿಸ್ಟನನ್ನು ನಿಧಾನವಾಗಿ ಒಳಕ್ಕೆ ತಳ್ಳಿ, ನಿಧಾನವಾಗಿ ಬಿಡಬೇಕು. ಅವಸರದಲ್ಲಿ ತಳ್ಳಿದರೆ ದೊಡ್ಡ ಗುಳ್ಳೆಗಳು ಒಡೆದು ಸಣ್ಣ ನೊರೆಯಾಗುತ್ತವೆ.

5. ನಳಿಕೆಗಳಿಂದ ಗುಳ್ಳೆ ಬರುವುದು ಪೂರ್ತಿ ನಿಲ್ಲುವವರೆಗೆ ಇದನ್ನು ಮುಂದುವರಿಸಬೇಕು. ಕೊನೆಗೆ ಪಿಸ್ಟನ್ ಕೆಲವು ಮಿ.ಮೀ.ಗಿಂತ ಹೆಚ್ಚು ಸರಿಯದಷ್ಟು ಬಿಗಿಯಾಗುತ್ತದೆ.

6. ಕಾರಿಗೆ ಜೋಡಿಸಿದ ಬಳಿಕ ಕೊಳವೆಯ ನಟ್‌ಗಳನ್ನು ಸ್ವಲ್ಪ ಸಡಿಲಿಸಿ, ಇನ್ನೊಬ್ಬರು ಪೆಡಲನ್ನು ಮೆಲ್ಲಗೆ ಒತ್ತುವಾಗ ಅಲ್ಲಿಂದ ಬರುವ ಗಾಳಿಯನ್ನು ಹೊರಬಿಟ್ಟು, ಪೆಡಲ್ ಮೇಲೇಳುವ ಮೊದಲು ಬಿಗಿಗೊಳಿಸಬೇಕು.

ಸಿಲಿಂಡರನ್ನು ಈಗಾಗಲೇ ಜೋಡಿಸಿಯಾಗಿದ್ದರೆ ಮತ್ತೆ ಬಿಚ್ಚುವುದೇ ಉತ್ತಮ. ಅದು ಸಾಧ್ಯವಿಲ್ಲದಿದ್ದರೆ, ಮುಂಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಕಾರಿನ ಹಿಂಭಾಗವನ್ನು ಭದ್ರವಾದ ಸ್ಟ್ಯಾಂಡ್‌ಗಳ ಮೇಲೆ ಎತ್ತಿ ಸಿಲಿಂಡರನ್ನು ಸಮತಲಕ್ಕೆ ತಂದು ಆರನೆಯ ಹಂತವನ್ನು ಪುನರಾವರ್ತಿಸುತ್ತಾರೆ.

ಚಕ್ರಗಳ ಬಳಿ ಗಾಳಿ ತೆಗೆಯುವುದು

ಮೊದಲು ಹಿಂಬದಿಯ ಶೂಗಳನ್ನು ಹೊಂದಿಸಿಕೊಳ್ಳಬೇಕು. ಮುಂದಿನ ಎರಡು ಮತ್ತು ಹಿಂದಿನ ಎರಡು ಚಕ್ರಗಳು ಬೇರೆ ಬೇರೆ ಮಂಡಲಗಳಾಗಿರುವ, ಸ್ಟಿಯರಿಂಗ್ ಬಲಭಾಗದಲ್ಲಿರುವ ಭಾರತೀಯ ಕಾರುಗಳಲ್ಲಿ ಸಾಮಾನ್ಯವಾಗಿ ಅತಿ ದೂರದ ಎಡ ಹಿಂಚಕ್ರದಿಂದ ಆರಂಭಿಸಿ, ಬಲ ಹಿಂಚಕ್ರ, ಎಡ ಮುಂಚಕ್ರ, ಬಲ ಮುಂಚಕ್ರ ಎಂಬ ಕ್ರಮವನ್ನು ಅನುಸರಿಸುತ್ತಾರೆ. ಕರ್ಣರೇಖೆಯ ಮಂಡಲಗಳಿರುವ ಕಾರುಗಳ ಕ್ರಮ ಬೇರೆ. ತಯಾರಕರ ಕೈಪಿಡಿಯಲ್ಲಿ ಹೇಳಿದ ಕ್ರಮವೇ ಅಂತಿಮ.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿಯುತ್ತಾರೆ. ಇನ್ನೊಬ್ಬರು ನಿಪ್ಪಲ್‌ಗೆ ಪಾರದರ್ಶಕ ನಳಿಕೆ ಹಾಕಿ, ಅದರ ತುದಿಯನ್ನು ಸ್ವಲ್ಪ ದ್ರವವಿರುವ ಸೀಸೆಯಲ್ಲಿ ಮುಳುಗಿಸಿ, ನಿಪ್ಪಲ್ ಸಡಿಲಿಸುತ್ತಾರೆ. ಗಾಳಿ ಮತ್ತು ದ್ರವ ಹೊರಬಂದ ಮೇಲೆ ನಿಪ್ಪಲ್ ಬಿಗಿಮಾಡಿ, ಆನಂತರವೇ ಪೆಡಲ್ ಬಿಡುವಂತೆ ಹೇಳಬೇಕು. ನಿಪ್ಪಲ್ ತೆರೆದಿರುವಾಗಲೇ ಪೆಡಲ್ ಬಿಟ್ಟರೆ ಹೊರಗಿನ ಗಾಳಿ ನಿಪ್ಪಲಿನ ಎಳೆಗಳ ಸಂದಿನಿಂದ ಒಳಗೆ ಎಳೆದುಕೊಳ್ಳಬಹುದು. ಡಬ್ಬಿಯ ದ್ರವ ಕನಿಷ್ಠ ಗೆರೆಗಿಂತ ಕೆಳಗೆ ಇಳಿಯಲು ಎಂದೂ ಬಿಡಬಾರದು. ಒಮ್ಮೆ ಖಾಲಿಯಾದರೆ ಕೆಲಸವನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಹಳೆಯ ಸಿಲಿಂಡರಿರುವಲ್ಲಿ ಪೆಡಲಿನ ಕೆಳಗೆ ಮರದ ತುಂಡನ್ನಿಟ್ಟು ಅದು ನೆಲ ಮುಟ್ಟದಂತೆ ಮಾಡುವುದು ಒಳ್ಳೆಯದು. ಕಪ್ ಎಂದೂ ಚಲಿಸದ, ತುಕ್ಕು ಹಿಡಿದ ಭಾಗದವರೆಗೆ ಹೋದರೆ ಹರಿಯುತ್ತದೆ.

ಕೆಲವು ವಾಹನಗಳಲ್ಲಿ ಹಿಂದಿನ ಅಚ್ಚಿನ ಬಳಿ ಭಾರಕ್ಕೆ ತಕ್ಕಂತೆ ಒತ್ತಡ ನಿಯಂತ್ರಿಸುವ ಕವಾಟವಿದ್ದು, ಅದಕ್ಕೂ ಪ್ರತ್ಯೇಕ ನಿಪ್ಪಲ್ ಇರುತ್ತದೆ. ಎಬಿಎಸ್ ಇರುವ ಕಾರುಗಳಲ್ಲಿ ಗಾಳಿಯು ಅದರ ಕವಾಟಗಳ ಪೆಟ್ಟಿಗೆಯೊಳಗೆ ಸೇರಿದರೆ ಪೆಡಲ್ ಒತ್ತಿ ತೆಗೆಯಲು ಆಗದಿರಬಹುದು. ಸ್ಕ್ಯಾನರ್ ಮೂಲಕ ಅದರ ಪಂಪು ಮತ್ತು ಕವಾಟಗಳನ್ನು ಚಾಲನೆಗೊಳಿಸಬೇಕಾಗುತ್ತದೆ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿರುವುದರಿಂದ ಈ ಹಂತದ ಮಹತ್ವ ಹೆಚ್ಚಿದೆ.

ಬ್ರೇಕ್ ದ್ರವ

ಆಡುಮಾತಿನಲ್ಲಿ ಬ್ರೇಕ್ ದ್ರವವನ್ನು ಬ್ರೇಕ್ ಆಯಿಲ್ ಎನ್ನುತ್ತಾರೆ. ಈ ಹೆಸರು ದಾರಿತಪ್ಪಿಸುವಂಥದು. ಸಾಮಾನ್ಯ ಬಳಕೆಯ ಡಾಟ್ 3 ಮತ್ತು ಡಾಟ್ 4 ದ್ರವಗಳು ಗ್ಲೈಕಾಲ್ ಈಥರ್ ಆಧಾರಿತವಾದವು, ಖನಿಜ ತೈಲವಲ್ಲ. ಆಯಿಲ್ ಎಂಬ ಹೆಸರನ್ನು ನಂಬಿ ಇಂಜಿನ್ ಆಯಿಲನ್ನೋ ಪವರ್ ಸ್ಟಿಯರಿಂಗ್ ದ್ರವವನ್ನೋ ಡಬ್ಬಿಗೆ ಸುರಿದರೆ ರಬ್ಬರ್ ಕಪ್‌ಗಳು ಉಬ್ಬಿ ಮೆತ್ತಗಾಗುತ್ತವೆ. ಆಗ ಹೊಸ ಮಾಸ್ಟರ್ ಸಿಲಿಂಡರ್ ಮಾತ್ರವಲ್ಲ, ಚಕ್ರದ ಸಿಲಿಂಡರುಗಳು, ಕ್ಯಾಲಿಪರ್ ಸೀಲುಗಳು, ಹೋಸ್‌ಗಳು ಎಲ್ಲವನ್ನೂ ಬದಲಿಸಿ ಕೊಳವೆಗಳನ್ನು ತೊಳೆಯಬೇಕಾಗುತ್ತದೆ. ಬಿಡಿಭಾಗಗಳನ್ನು ಪೆಟ್ರೋಲ್ ಅಥವಾ ಸೀಮೆಎಣ್ಣೆಯಿಂದ ತೊಳೆದು ಜೋಡಿಸುವುದೂ ಇದೇ ರೀತಿಯ ಹಾನಿ ಮಾಡುತ್ತದೆ.

ಗ್ಲೈಕಾಲ್ ಆಧಾರಿತ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದ್ರವದ ಕುದಿಬಿಂದು ಒಣಸ್ಥಿತಿಯಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ತೇವ ಸೇರಿದ ಸ್ಥಿತಿಯಲ್ಲಿ 140 ಡಿಗ್ರಿ ಇರಬೇಕು. ಡಾಟ್ 4ಕ್ಕೆ ಈ ಮಿತಿಗಳು ಕ್ರಮವಾಗಿ 230 ಮತ್ತು 155 ಡಿಗ್ರಿ. ಬ್ರೇಕ್ ಬಹಳ ಕಾಯ್ದಾಗ ತೇವ ಸೇರಿದ ದ್ರವ ಕುದಿದು ಆವಿಯ ಗುಳ್ಳೆಗಳಾದರೆ, ಗಾಳಿ ಸೇರಿದಾಗಿನಂತೆಯೇ ಪೆಡಲ್ ಕುಸಿಯುತ್ತದೆ. ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿಗಳ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಯೇ ಇಳಿಯುವಾಗ ಈ ಅಪಾಯ ಹೆಚ್ಚು. ಸಿಲಿಕೋನ್ ಆಧಾರಿತ ಡಾಟ್ 5 ದ್ರವವನ್ನು ಡಾಟ್ 3 ಅಥವಾ 4ರೊಂದಿಗೆ ಬೆರೆಸಬಾರದು. ಬ್ಲೀಡಿಂಗ್ ವೇಳೆ ಸೀಸೆಗೆ ಬಂದ ದ್ರವವನ್ನು ಮರಳಿ ಡಬ್ಬಿಗೆ ಹಾಕಬಾರದು.

ಬ್ರೇಕ್ ದ್ರವವು ವಿಷಕಾರಿ. ಕಾರಿನ ಬಣ್ಣವನ್ನೂ ಕರಗಿಸುತ್ತದೆ. ಚೆಲ್ಲಿದ ಕೂಡಲೇ ನೀರಿನಿಂದ ತೊಳೆಯಬೇಕು. ತಂಪು ಪಾನೀಯದ ಹಳೆಯ ಬಾಟಲಿಗಳಲ್ಲಿ ತುಂಬಿಡುವುದು ಮಕ್ಕಳಿರುವ ಮನೆಗಳಲ್ಲಿ ಪ್ರಾಣಾಪಾಯಕ್ಕೆ ದಾರಿ.

ಬೀದರ ಜಿಲ್ಲೆಯ ಸಂದರ್ಭ

ಕರ್ನಾಟಕದ ಉತ್ತರ ತುದಿಯ ಬೀದರ ಜಿಲ್ಲೆಯಲ್ಲಿ ಘಾಟಿ ರಸ್ತೆಗಳಿಲ್ಲ. ಆದರೆ ಬ್ರೇಕ್ ವ್ಯವಸ್ಥೆಗೆ ಇತರ ಪರೀಕ್ಷೆಗಳಿವೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬೀದರ ಸುತ್ತಲಿನ ಜಂಬಿಟ್ಟಿಗೆಯ ಕೆಂಪು ಮಣ್ಣಿನ ಧೂಳು, ಭಾಲ್ಕಿ ಮತ್ತು ಔರಾದ ತಾಲೂಕುಗಳ ಕಪ್ಪು ಭೂಮಿಯ ಕೆಸರು ಇವೆರಡೂ ನಿಪ್ಪಲ್‌ಗಳ ಮೇಲೆ, ಡ್ರಮ್ಮಿನೊಳಗೆ, ಡಬ್ಬಿಯ ಮುಚ್ಚಳದ ಸುತ್ತ ಕೂರುತ್ತವೆ. ಮುಚ್ಚಳ ತೆರೆಯುವ ಮೊದಲು ಅದರ ಸುತ್ತ ಒರೆಸದಿದ್ದರೆ ಒಂದು ಮಣ್ಣಿನ ಕಣವೇ ಪರಿಹಾರ ರಂಧ್ರವನ್ನು ಮುಚ್ಚಲು ಸಾಕು. ಮಳೆಗಾಲದಲ್ಲಿ ದ್ರವದ ಡಬ್ಬವನ್ನು ತೆರೆದಿಟ್ಟರೆ ಅದು ಬೇಗ ತೇವ ಹೀರುತ್ತದೆ; ಉಳಿದ ಅರ್ಧ ಡಬ್ಬವನ್ನು ಮುಂದಿನ ವರ್ಷಕ್ಕೆಂದು ಇಟ್ಟುಕೊಳ್ಳುವುದು ಉಳಿತಾಯವಲ್ಲ.

ಭಾಲ್ಕಿ ತಾಲೂಕಿನ ಮೆಹಕರದಂಥ ಗಡಿಭಾಗದ ಊರುಗಳಿಗೆ ಇನ್ನೊಂದು ಅಂಶವೂ ಅನ್ವಯಿಸುತ್ತದೆ. ಕಾರನ್ನು ತಾಲೂಕು ಕೇಂದ್ರದಲ್ಲೋ ಬೀದರ ನಗರದಲ್ಲೋ ದುರಸ್ತಿ ಮಾಡಿಸಿ ಊರಿಗೆ ಓಡಿಸಿಕೊಂಡು ಬರಬೇಕಾಗುತ್ತದೆ. ದಾರಿಯಲ್ಲಿ ದನಕರುಗಳು, ಕಬ್ಬು ತುಂಬಿದ ಟ್ರ್ಯಾಕ್ಟರುಗಳು, ಹುಮನಾಬಾದ ಮೂಲಕ ಹಾಯುವ ಪುಣೆ–ಹೈದರಾಬಾದ ಹೆದ್ದಾರಿಯಂಥ ಕಡೆಗಳಲ್ಲಿ ವೇಗದ ಲಾರಿಗಳು ಎದುರಾಗುತ್ತವೆ. ಹೀಗಾಗಿ ಗ್ಯಾರೇಜಿನಿಂದ ಹೊರಡುವ ಮುನ್ನ ಮಾಡುವ ಪರೀಕ್ಷೆಯೇ ಕೊನೆಯ ಪರೀಕ್ಷೆ. ಒಂದೆರಡು ದಿನ ಓಡಿಸಿದರೆ ಪೆಡಲ್ ತಾನಾಗಿ ಸರಿಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಸಿಲಿಂಡರಿನ ಮೂತಿಯಲ್ಲಿ ಸಿಕ್ಕಿದ ಗಾಳಿ ಓಡಿಸುವುದರಿಂದ ಹೊರಹೋಗುತ್ತದೆಂದು ನೆಚ್ಚಲಾಗದು. ಸೋರಿಕೆಯಿದ್ದರೆ ಅದು ಹೆಚ್ಚುತ್ತದೆ.

ರಸ್ತೆಗಿಳಿಯುವ ಮುನ್ನ ಪರೀಕ್ಷೆ

ಹಲವು ಬಾರಿ ಒತ್ತಿದರೆ ಬ್ರೇಕ್ ಹಿಡಿಯುತ್ತದೆ ಎಂಬುದು ಕಾರು ಓಡಿಸಲು ಯೋಗ್ಯವೆಂಬುದಕ್ಕೆ ಸಾಕ್ಷಿಯಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಪೆಡಲನ್ನು ಎರಡನೆಯ ಬಾರಿ ಒತ್ತಲು ತಗಲುವ ಒಂದು ಸೆಕೆಂಡಿನಲ್ಲಿ ಎದುರಿಗಿರುವ ವ್ಯಕ್ತಿ ಅಥವಾ ವಾಹನವನ್ನು ತಲುಪಿಯಾಗಿರುತ್ತದೆ. ಆದ್ದರಿಂದ ಮೊದಲ ಒತ್ತುವಿಕೆಯಲ್ಲಿಯೇ ಪೆಡಲ್ ಗಟ್ಟಿಯಾಗಬೇಕು.

ಇಂಜಿನ್ ಚಾಲೂ ಇರುವಾಗ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿಹಿಡಿದು ಅದು ಜಾರುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅದೇ ವೇಳೆ ಇನ್ನೊಬ್ಬರು ಎಲ್ಲ ನಟ್‌ಗಳನ್ನು, ನಿಪ್ಪಲ್‌ಗಳನ್ನು, ಚಕ್ರಗಳ ಒಳಬದಿಯನ್ನು ನೋಡಬೇಕು. ಬ್ರೇಕ್ ಎಚ್ಚರಿಕೆ ದೀಪ ಆರಿರಬೇಕು. ಕೇಬಲ್ಲಿನಿಂದ ಕೆಲಸಮಾಡುವ ಕೈಬ್ರೇಕ್ ಈ ದ್ರವ ವ್ಯವಸ್ಥೆಯನ್ನು ಅವಲಂಬಿಸಿಲ್ಲವಾದ್ದರಿಂದ ಅದು ಹಿಡಿಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಅನಂತರ ಖಾಲಿ ಬಯಲಿನಲ್ಲಿ ಗಂಟೆಗೆ 10ರಿಂದ 20 ಕಿ.ಮೀ. ವೇಗದಲ್ಲಿ ಹಲವು ಬಾರಿ ನಿಲ್ಲಿಸಿ, ಕಾರು ಒಂದು ಬದಿಗೆ ಎಳೆಯುವುದಿಲ್ಲವೆಂದೂ ಯಾವ ಚಕ್ರವೂ ಕಾಯುವುದಿಲ್ಲವೆಂದೂ ನೋಡಬೇಕು. ಮರುದಿನ ಬೆಳಿಗ್ಗೆ ಡಬ್ಬಿಯ ಮಟ್ಟವನ್ನೂ ಪೆಡಲಿನ ಎತ್ತರವನ್ನೂ ಮತ್ತೊಮ್ಮೆ ಪರಿಶೀಲಿಸುವುದು ಸೂಕ್ತ. ಭಾರತದಲ್ಲಿ ವಾಹನಗಳ ಬ್ರೇಕಿಗೆ ಸಂಬಂಧಿಸಿದ ಅಗತ್ಯಗಳನ್ನು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 96ನೆಯ ನಿಯಮ ವಿಧಿಸುತ್ತದೆ.

ಇತಿಹಾಸ

ವಾಹನಗಳ ದ್ರವಚಾಲಿತ ಬ್ರೇಕಿಗೆ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದರು. 1921ರ ಡ್ಯೂಸೆನ್‌ಬರ್ಗ್ ಮಾದರಿ ಎ ಕಾರು ನಾಲ್ಕೂ ಚಕ್ರಗಳಿಗೆ ಈ ಬ್ರೇಕನ್ನು ಅಳವಡಿಸಿಕೊಂಡ ಮೊದಲ ಪ್ರಯಾಣಿಕ ಕಾರುಗಳಲ್ಲಿ ಒಂದು. ಒಂದೇ ಮಂಡಲದ ಅಪಾಯವನ್ನು ಮನಗಂಡು 1960ರ ದಶಕದ ಕೊನೆಯ ವೇಳೆಗೆ ಅಮೆರಿಕದಲ್ಲಿ ಎರಡು ಮಂಡಲಗಳ ವ್ಯವಸ್ಥೆ ಕಡ್ಡಾಯವಾಯಿತು. ಭಾರತದಲ್ಲಿ ಬ್ರೇಕ್ ಭಾಗಗಳನ್ನು ತಯಾರಿಸುವ ಬ್ರೇಕ್ಸ್ ಇಂಡಿಯಾ ಕಂಪನಿ 1962ರಲ್ಲಿ ಚೆನ್ನೈಯಲ್ಲಿ ಸ್ಥಾಪನೆಯಾಯಿತು. ಕವಾಟಗಳು, ಬೂಸ್ಟರುಗಳು, ಎಬಿಎಸ್ ಒಂದೊಂದಾಗಿ ಸೇರಿಕೊಂಡರೂ, ಕೊಳವೆಯಲ್ಲಿ ದ್ರವವಲ್ಲದೆ ಬೇರೇನೂ ಇರಬಾರದು ಎಂಬ ಮೂಲ ಅಗತ್ಯ ಇಂದಿಗೂ ಬದಲಾಗಿಲ್ಲ.